ಹಿಂದಿನ ಬೆಂಚಿನ ಪ್ರೇಕ್ಷಕ

"ನೀವು ಬರೂದು ಬ್ಯಾಡ್ರಿ" ಎಂದು ಯಜ್ಞೇಶ್ವರ ಮತ್ತೊಮ್ಮೆ ಹೇಳುವಷ್ಟರಲ್ಲಿ ಅವನ ಅಪ್ಪ ವೆಂಕಣ್ಣ ಟಾಂಗಾ ಹತ್ತಿ ಕುಳಿತಿದ್ದ. ತಲೆಗೆ ಜರಿ ರುಮಾಲು, ಕಿವಿಯಲ್ಲಿ ಅತ್ತರಿನ ಹತ್ತಿ.

"ಕೋರ್ಟಿನಾಗ ಮಗನ ಮೊದಲನೇ ಖಟ್ಲೆ. ನಾ ಬರದ ಮತ್ಯಾರು ಬರಬೇಕೋ?"

"ಅಲ್ಲಿ ಸುಮ್ನ ಕೂಡಬೇಕಾಗ್ತದ."

"ಕೂಡ್ತೀನಿ. ರಾಜನ ಪಾರ್ಟಿನಾಗ ಸುಮ್ನ ಕೂಡೂದ ಭಾಳ."

ಬೆಳಿಗ್ಗೆ ದೇವರ ಮುಂದೆ ಯಜ್ಞೇಶ್ವರ ಬೇಡಿಕೊಂಡದ್ದು ಗೆಲುವನ್ನಲ್ಲ. ಅಪ್ಪನಿಗೊಂದು ಸಣ್ಣ ಜ್ವರ ಬರಲಿ ಎಂದು. ಇಂಥವು ದೇವರಿಗೆ ಕೇಳಿಸುವುದಿಲ್ಲ.

ವೆಂಕಣ್ಣ ಕಟ್ಟಿದ ನಾಟಕ ಕಂಪನಿಗಳೆರಡೂ ಮುಳುಗಿದ್ದವು. ಒಂದು ಮಳೆಗೆ, ಇನ್ನೊಂದು ಅವನ ಹಾಡಿಗೆ. ಆಗ ಹುಡುಗ ಯಜ್ಞೇಶ್ವರ ಹಾವು ಕಚ್ಚಿ ಸಾಯುವ ರಾಜಕುಮಾರ. ಚೆನ್ನಾಗಿ ಸತ್ತರೆ ಜನ "ವನ್ಸ್ ಮೋರ್!" ಎಂದು ಕೂಗುತ್ತಿದ್ದರು. ಸತ್ತವನು ಎದ್ದು, ಮೈ ಕೊಡವಿ, ಮತ್ತೆ ಸಾಯಬೇಕು. ಜ್ವರ ಬಂದಾಗಲೂ ಸತ್ತಿದ್ದ.

ಆಮೇಲೆ ಅವ್ವ ಕಮರಿಪೇಟೆಯಲ್ಲಿ ಮಂದಿಯ ಮನೆಯ ಅಡಿಗೆ ಮಾಡಿ ಅವನನ್ನು ವಕೀಲಿ ಓದಿಸಿದಳು. ಅವನಿಗೋ ಒಂದು ದಿನ ಜಡ್ಜನಾಗಬೇಕು. ಜನ ಎದ್ದು ನಿಲ್ಲಬೇಕು, ಬಾಯಿ ಮುಚ್ಚಿಕೊಂಡು. ಕನ್ನಡಿಯ ಮುಂದೆ ನಿಂತು, ಕೈ ಆಡಿಸದೆ ಮಾತಾಡುವುದನ್ನು ಅವನು ಕಲಿತಿದ್ದ.

ಖಟ್ಲೆ ಸಣ್ಣದು. ಗಬ್ಬೂರಿನ ಹೊಳೆಯಪ್ಪನ ಹಿತ್ತಲ ಗೋಡೆಯನ್ನು ನೆರೆಯವನು ಕೆಡವಿದ್ದ. ಯಜ್ಞೇಶ್ವರ ಒಣಒಣವಾಗಿ ವಾದಿಸಿದ. ಜಡ್ಜ್ ಸಾಹೇಬರು ಆಕಳಿಸಿದರು. ಹೊಳೆಯಪ್ಪನ ಮುಖ ಬಾಡಿತು. ಆಗ, ಸಿದ್ಧಪಡಿಸಿರದ ಮಾತೊಂದು ಬಾಯಿಗೆ ಬಂತು:

"ಬಿದ್ದದ್ದು ಮಣ್ಣಿನ ಗೋಡೆಯಲ್ಲ ಸ್ವಾಮಿ, ಬಡವನ ಮರ್ಯಾದೆ!"

ಹಿಂದಿನ ಬೆಂಚಿನಿಂದ ಗುಡುಗು: "ವನ್ಸ್ ಮೋರ್!"

ಕೋರ್ಟು ಬಿದ್ದು ಬಿದ್ದು ನಕ್ಕಿತು. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು.

"ಯಾರ್ರೀ ಅವರು?"

"ಗೊತ್ತಿಲ್ರಿ" ಎಂದ ಯಜ್ಞೇಶ್ವರ.

"ಇರಲಿ. ಆ ಕೊನೀ ಮಾತು ನಾನೂ ಬರಕೊಳ್ಳಲಿಲ್ಲ. ಇನ್ನೊಮ್ಮೆ ಹೇಳ್ರಿ."

ಹೇಳಿದ. ಈ ಸಲ ಇನ್ನೂ ಚೆನ್ನಾಗಿ ಬಂತು. ಎದೆಯಲ್ಲಿ ಏನೋ ಸಿಹಿಯಾಯಿತು. ಅದಕ್ಕೇ ಸಿಟ್ಟು ಬಂತು.

ಮುಂದಿನ ತಾರೀಖು ಬಿತ್ತು. ಹೊರಗೆ ಪಡಸಾಲೆಯಲ್ಲಿ ಹೊಳೆಯಪ್ಪ ಕೈಮುಗಿದ. "ವಕೀಲ್ರ, ಈ ಹಿರ್ಯಾರು ಕೂಗಿದ ಮ್ಯಾಲ ನೋಡ್ರಿ ಸಾಹೇಬ್ರು ಎಚ್ಚರಾದ್ರು. ಇವರು ನಿಮಗ ಏನಾಗಬೇಕ್ರಿ?"

ಯಜ್ಞೇಶ್ವರ ಬಾಯಿ ತೆರೆಯುವ ಮೊದಲೇ ವೆಂಕಣ್ಣ ಅಂದ: "ಏನೂ ಆಗಬೇಕಿಲ್ಲಪಾ. ಪ್ರೇಕ್ಷಕ."

ಹೊಳೆಯಪ್ಪ ಅತ್ತ ಹೋದಮೇಲೆ ಮಗನ ಭುಜ ತಟ್ಟಿದ. "ಆ ಗ್ವಾಡಿ ಮಾತು ಬಿಡು, ಅದು ಕಂಪನಿ ಮಾತು. 'ಗೊತ್ತಿಲ್ರಿ' ಅಂದ್ಯಲ್ಲ, ಅದು ಛಲೋ ಇತ್ತು. ಖರೇನ ಅನ್ನಿಸ್ತು."

ಮುಖದಲ್ಲಿ ವ್ಯಂಗ್ಯವಿರಲಿಲ್ಲ. ರುಮಾಲು ಸರಿಪಡಿಸಿಕೊಂಡು ದುರ್ಗದಬೈಲಿನ ಕಡೆ ನಡೆದುಬಿಟ್ಟ.

ಯಜ್ಞೇಶ್ವರ ಕರೆಯಲಿಲ್ಲ. ಬಿಟ್ಟುಬಂದ ಕಾಗದ ತರಲು ಒಳಗೆ ಹೋದ. ಊಟದ ಬಿಡುವು, ಕೋರ್ಟು ಖಾಲಿ. ಜಡ್ಜರ ಕುರ್ಚಿಗೆ ಮುಖಮಾಡಿ "ಅವರು ನನ್ನ ತಂದೀರಿ" ಎಂದ. ನಾಟಕದ ಮಾತಿನಂತೆ ಕೇಳಿಸಿತು. ದನಿ ತಗ್ಗಿಸಿ ಅಂದು ನೋಡಿದ. ಏರಿಸಿ ಅಂದು ನೋಡಿದ. ಕೈ ತಾನಾಗಿ ಮೇಲೆದ್ದು ಅಲ್ಲೇ ನಿಂತಿತು.

ಹೊರಗೆ ಕುಳಿತು ಪಂಖಾದ ಹಗ್ಗ ಎಳೆಯುವ ಮುದುಕನಿಗೆ, ಒಳಗೆ ಕೋರ್ಟು ಬಿಡುವಿಗೆ ಎದ್ದಿದೆಯೆಂದು ಯಾರೂ ಹೇಳಿರಲಿಲ್ಲ. ಪಂಖಾ ಖಾಲಿ ಬೆಂಚುಗಳಿಗೆ ಗಾಳಿ ಬೀಸುತ್ತ ಹೋಗುತ್ತಿತ್ತು, ಬರುತ್ತಿತ್ತು.