ಒಣ ಸರಕು

"ಏಯಮ್ಮಾ, ಏಳು ಮೇಲೆ! ಸೀರೆ ಒದ್ದೆ ಇದೆ, ಗೊತ್ತಾಗಲ್ವಾ? ಸೋಫಾ ಹಾಕಿರೋದು ಗಿರಾಕಿಗಳಿಗೆ."

ಗಂಟಕ್ಕ ಎದ್ದು ನಿಂತಳು. ತಲೆಯ ಮೇಲೆ ಬಟ್ಟೆಯ ಗಂಟಿಲ್ಲದೆ ಅವಳನ್ನು ಕಂಡವರು ಕಡಿಮೆ, ಅದಕ್ಕೇ ಆ ಹೆಸರು. ಹೋದ ವರ್ಷ ಈ ಗಾಡಿ ಶೋರೂಮಿನ ಇದೇ ಸೋಫಾದ ಮೇಲೆ ಇದೇ ಮ್ಯಾನೇಜರು, "ಕೂತ್ಕೊಳ್ಳಿ ಮೇಡಂ, ತಣ್ಣಗೆ ಏನಾದ್ರೂ ತರಿಸ್ಲಾ?" ಎಂದಿದ್ದ. ಬ್ಯಾಟರಿ ಪಿಕಪ್ ಕೊಂಡ ಮೊದಲ ಹೆಂಗಸೆಂದು ಕೈಗೆ ರಟ್ಟಿನ ದೊಡ್ಡ ಕೀಲಿಕೈ ಕೊಟ್ಟು ಫೋಟೊ ತೆಗೆಸಿದ್ದ. ಫೋಟೊ ಇನ್ನೂ ಗೋಡೆಯ ಮೇಲಿತ್ತು. ಅದರಲ್ಲಿ ಹಲ್ಲು ಬಿಟ್ಟು ನಗುತ್ತಿದ್ದವಳನ್ನು ನೋಡಿದರೆ, ಯಾರದೋ ಮಾತು ನಂಬಿ ಮನೆ ಬಿಟ್ಟು ಹೋದ ತಂಗಿಯನ್ನು ಕಂಡಂತಾಗುತ್ತಿತ್ತು ಅವಳಿಗೆ.

"ಗಿರಾಕಿ ಅಲ್ದೆ ನಾವೇನು ಭಿಕ್ಷೆಗೆ ಬಂದಿದೀವಾ?" ಎಂದಳು ಜೊತೆಗೆ ಬಂದಿದ್ದ ನಾದಿನಿ. ಅವಳ ಬಾಯಿಗೆ ಬೀಗವಿಲ್ಲ. "ನಿಮ್ಮ ಹಿತ್ತಲಲ್ಲಿ ಇಪ್ಪತ್ತು ದಿನದಿಂದ ಬಿದ್ದಿರೋ ಗಾಡಿ ನಿಮ್ಮ ಮಾವ ಕೊಟ್ಟಿದ್ದಾ?"

ಗಾಡಿಗೆ ಆಗಿದ್ದು ಮಹಾ ಏನಲ್ಲ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು, ಹಿಂಡಿ, ಊರಾಚೆಯ ಬಯಲಿಗೆ ಒಣಹಾಕಲು ಒಯ್ಯುವಾಗ ಕಲ್ಲೊಂದು ಅದರ ಹೊಟ್ಟೆಗೆ ಬಡಿದಿತ್ತು. ಬ್ಯಾಟರಿಯ ಪೆಟ್ಟಿಗೆಯಲ್ಲಿ ಹೆಬ್ಬೆರಳು ಒತ್ತಿದಷ್ಟು ತಗ್ಗು. ಕೆಂಪು ದೀಪ ಹತ್ತಿತು, ಗಾಡಿ ಮಾತ್ರ ಓಡುತ್ತಲೇ ಇತ್ತು. ಅದನ್ನು ಓಡಿಸಿಕೊಂಡೇ ಇಲ್ಲಿಗೆ ತಂದಿದ್ದಳು. ತನ್ನ ಕಾಲ ಮೇಲೆ ನಡೆದು ಬಂದದ್ದನ್ನು ಇವರು ಸತ್ತಿದೆ ಎಂದರು.

ಬ್ಯಾಟರಿ ಪೂರ್ತಿ ಬದಲಿಸಬೇಕಂತೆ. ಅದರ ಬೆಲೆಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸ ಗಾಡಿಯೇ ಬರುತ್ತದೆ. ಹೊರಗಿನ ಮೆಕ್ಯಾನಿಕ್ ಕೈ ಹಾಕಿದರೆ ಗ್ಯಾರಂಟಿ ಹೋಯಿತು. ತಗ್ಗನ್ನು ತಟ್ಟಿ ಸರಿ ಮಾಡಲಾಗದೇ ಎಂದು ಕೇಳಿದ್ದಕ್ಕೆ, "ಇದೇನು ನಿಮ್ಮನೆ ಅಲ್ಯೂಮಿನಿಯಂ ಪಾತ್ರೇನಾ?" ಎಂದು ನಕ್ಕಿದ್ದರು. ಇನ್ನು ಉಳಿದದ್ದು ವಿಮೆಯೊಂದೇ. ಇಪ್ಪತ್ತು ದಿನ ಇಬ್ಬರೂ ಒದ್ದೆ ಗಂಟು ತಲೆಯ ಮೇಲೆ ಹೊತ್ತು ಬಯಲಿಗೆ ನಡೆದದ್ದು ಆ ಒಂದು ನಂಬಿಕೆಯಿಂದ. ಬಟ್ಟೆ ದಿನವೂ ತಡವಾಗುತ್ತಿತ್ತು. ಈ ಸಂಜೆಯೂ ಒಣಗಿ ಬರದಿದ್ದರೆ ನಾಳೆಯಿಂದ ಕೆಲಸ ಯಂತ್ರದಲ್ಲಿ ಒಗೆಯುವವರಿಗೆ ಎಂದು ಆಸ್ಪತ್ರೆಯ ಮೇಸ್ತ್ರಿ ಹೇಳಿಬಿಟ್ಟಿದ್ದ. ಇವತ್ತು ಗಂಟು ಹೊತ್ತು ಅರ್ಧ ದಾರಿಯಲ್ಲಿದ್ದಾಗ ವಿಮೆಯವನು ಬಂದಿದ್ದಾನೆಂದು ಫೋನು ಬಂತು. ಗಂಟುಗಳನ್ನು ಬಾಗಿಲ ಹೊರಗೆ ಇಳಿಸಿ ಒಳಗೆ ಬಂದಿದ್ದರು.

ವಿಮೆಯವನು ತಲೆಯೆತ್ತಲಿಲ್ಲ. "ಏನು ಸಾಗಿಸ್ತಿದ್ರಿ?"

"ಬಟ್ಟೆ ಸಾರ್."

"ಒದ್ದೆಯೋ ಒಣದೋ?"

"ಒಣಗಿದ್ದನ್ನ ಒಣಹಾಕೋಕೆ ಯಾಕೆ ಒಯ್ಲಿ?"

ಅವನು ಏನೋ ಬರೆದುಕೊಂಡ. "ಕಾಗದದಲ್ಲಿ 'ಬಟ್ಟೆ, ಒಣ ಸರಕು' ಅಂತಿದೆ."

ಗಂಟಕ್ಕ ಮ್ಯಾನೇಜರನ ಕಡೆ ನೋಡಿದಳು. ಬರೆದವನು ಅವನೇ. ಒಣ ಸರಕು ಎಂದರೆ ವಿಮೆಯ ಕಂತು ಕಡಿಮೆಯಾಗುತ್ತದೆ ಎಂದು ಹೇಳಿ ಸಹಿ ಹಾಕಿಸಿದ್ದ. ಅವಳು ಕೈ ಮುಗಿದಿದ್ದಳು ಕೂಡ. ಈಗ ಅವನು ತನ್ನ ಬೂಟು ನೋಡಿಕೊಳ್ಳುತ್ತಿದ್ದ.

"ತಗ್ಗಿನ ಸುತ್ತ ಸೋಪಿನ ಕಲೆ ಇದೆಯಲ್ಲ, ಹೇಗೆ ಬಂತು?"

"ನಾನೇ ತೊಳ್ದೆ ಸಾರ್," ಎಂದಳು ಗಂಟಕ್ಕ. ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. "ಇಲ್ಲಿಗೆ ತರೋ ಮುಂಚೆ ಗಾಡಿ ಅಡಿಗೆ ಮಲ್ಕೊಂಡು ಪೈಪು ಹಿಡಿದು ತಿಕ್ಕಿ ತೊಳ್ದೆ. ಕೆಸರು ಹೆಂಗೆ ನಿಮ್ಮ ಕೈಗೆ ಕೊಡೋದು?"

ಕೊಳೆಯಾದದ್ದನ್ನು ಇನ್ನೊಬ್ಬರ ಕೈಗೆ ಕೊಡುವ ಕಸುಬಲ್ಲ ಅವಳದು.

ವಿಮೆಯವನು ಮೊದಲ ಸಲ ನಕ್ಕ. "ಅಲ್ಲಿಗೆ ಮುಗೀತು. ಒದ್ದೆ ಸರಕು, ಮೇಲೆ ಪೈಪಿನ ನೀರು. ಬ್ಯಾಟರಿ ಒಳಗೆ ನೀರು ಹೋಗಿದೆ. ವಿಮೆ ಬರಲ್ಲ."

"ಕಲ್ಲು ಬಡ್ದಿದ್ದು ಸಾರ್! ಬಿಚ್ಚಿ ನೋಡಿದ್ರಾ, ನೀರಿದೆಯಾ ಅಂತ?"

"ಬಿಚ್ಚೋಕೆ ಬೇರೆ ಚಾರ್ಜು," ಎಂದ ಮ್ಯಾನೇಜರು. "ಇಪ್ಪತ್ತು ದಿನ ನಿಲ್ಲಿಸ್ಕೊಂಡಿದ್ದಕ್ಕೂ ಬಾಡಿಗೆ ಇದೆ. ಕಟ್ಟಿ, ಎಳ್ಕೊಂಡು ಹೋಗಿ."

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದಳು ನಾದಿನಿ.

ಗಂಟಕ್ಕ ಬ್ಲೀಚಿಂಗ್ ಪುಡಿಗೆ ಬಿಳಿಚಿ ಒಡೆದ ತನ್ನ ಬೆರಳುಗಳನ್ನು ನೋಡಿಕೊಂಡಳು. ತಾನು ಮಾಡಿದ ಒಳ್ಳೆಯ ಕೆಲಸವನ್ನೇ ಯಾರೋ ತನ್ನ ಕೈಯಿಂದ ಕಸಿದು, ಅದರಿಂದಲೇ ತನ್ನ ಮುಖಕ್ಕೆ ಹೊಡೆದಂತಿತ್ತು. ಹೊರಗೆ ಬಂದಳು.

ಬಿಸಿಲು ನೆತ್ತಿಯಿಂದ ಜಾರಿತ್ತು. ಬಯಲು ಇನ್ನೂ ದೂರ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಬಿಸಿಲೇ ಇರುವುದಿಲ್ಲ. ಇಲ್ಲಿ, ಅಂಗಳದಲ್ಲಿ ಮಾರಾಟಕ್ಕೆ ಸಾಲಾಗಿ ನಿಲ್ಲಿಸಿದ್ದ ಹೊಸ ಪಿಕಪ್ಪುಗಳ ಮೇಲೆ ಮಾತ್ರ ಅದು ಧಾರಾಳವಾಗಿ ಸುರಿಯುತ್ತಿತ್ತು. ಒಂದರ ಮೇಲೆ ಅಂಗೈ ಇಟ್ಟಳು. ತಗಡು ಕಾದ ಹೆಂಚಿನ ಹಾಗಿತ್ತು.

"ಗಂಟು ಬಿಚ್ಚೇ," ಎಂದಳು.

"ಅತ್ತಿಗೇ..." ಎಂದ ನಾದಿನಿಯ ಕಣ್ಣು ಅರಳಿತು. ಮರುಮಾತಿಲ್ಲದೆ ಬಿಚ್ಚಿದಳು.

ಮೊದಲ ಹಾಸುಬಟ್ಟೆ ಪಟಾರನೆ ಕೊಡವಿಸಿಕೊಂಡು ಕೆಂಪು ಗಾಡಿಯ ಮೇಲೆ ಬಿತ್ತು. ಎರಡನೆಯದು ನೀಲಿಯ ಮೇಲೆ. ಐದನೆಯದಕ್ಕೆ ಮ್ಯಾನೇಜರು ಓಡಿ ಬಂದ. "ಏಯ್ ಬೋಳಿ! ಏನ್ ಮಾಡ್ತಿದೀಯಾ? ತೆಗೀರೇ ನಿಮ್ಮ ಹಡಬೆ ಬಟ್ಟೇನ!"

"ಒಣ ಸರಕು ಮಾಡ್ತಿದೀನಿ ಸಾರ್. ನೀವು ಬರ್ದಿದ್ದು ಸುಳ್ಳಾಗಬಾರ್ದಲ್ಲ."

ಅವಳ ಕೈಯಲ್ಲಿದ್ದ ಹಾಸಿನ ಇನ್ನೊಂದು ತುದಿಯನ್ನು ಅವನು ಎರಡೂ ಕೈಯಲ್ಲಿ ಹಿಡಿದು ಎಳೆದ. ಗಂಟಕ್ಕ ಬಿಡಲಿಲ್ಲ. ಎದುರಿಗೊಬ್ಬರು ತುದಿ ಹಿಡಿದು ನಿಂತರೆ ಅವಳ ಕೈಗೆ ಗೊತ್ತಿದ್ದ ಕೆಲಸ ಒಂದೇ. ಮೂವತ್ತು ವರ್ಷ ಅದನ್ನೇ ಮಾಡಿದ ಮಣಿಕಟ್ಟು ತಾನಾಗಿ ತಿರುಗಿತು. ಹಾಸು ಹಗ್ಗವಾಯಿತು. ಅವನ ಬೆರಳು ಮಡಿಕೆಯೊಳಗೆ ಸಿಕ್ಕಿಕೊಂಡವು. ನೀರು ಅವನ ಹೊಳೆಯುವ ಬೂಟಿನ ಮೇಲೆ ಇಳಿಯತೊಡಗಿತು.

"ಗಟ್ಟಿ ಹಿಡ್ಕೊಳ್ಳಿ ಸಾರ್," ಎಂದಳು, ಇನ್ನೊಂದು ಸುತ್ತು ತಿರುಚುತ್ತ. "ಇನ್ನೂ ನೀರಿದೆ."