ಬೋರ್‌ವೆಲ್ ಕೀಲಿ ಮತ್ತು ಮಹಿಳಾ ಮೀಸಲಾತಿ

ದಿಲ್ಲಿಯ ಪಾರ್ಲಿಮೆಂಟಿನಲ್ಲಿ ಮಹಿಳಾ ಮೀಸಲಾತಿ ಪಾಸಾದ ದಿನ ನನ್ನ ಗಂಡ ಚಿಕ್ಕಬೈರಪ್ಪ ಟಿವಿ ಮುಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಬಸ್ಸಾರಿಗೆ ಒಂದು ದಿನವೂ ಆ ಮನುಷ್ಯ ಚಪ್ಪಾಳೆ ತಟ್ಟಿದ್ದಿಲ್ಲ. ಆಗಲೇ ನನಗೆ ಅನುಮಾನ ಬಂತು.

ಇವರು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ಬಿಟಿಎಂನ ಈ ಮೂಲೆ ಮೊದಲು ನಮ್ಮೂರು, ರಾಗಿ ಹೊಲ. ಈಗ ಮೊದಲನೇ ಅಡ್ಡರಸ್ತೆಯಲ್ಲಿ ಹಳೇ ಊರಿನ ನಾವು, ಮೂರನೇ ಅಡ್ಡರಸ್ತೆಯಲ್ಲಿ ನಾವೇ ಕಟ್ಟಿಸಿದ ಬಾಡಿಗೆ ರೂಮುಗಳು, ಪೀಜಿಗಳು. ಸಂಘದ ಏಳು ಸೀಟಿನಲ್ಲೂ ಮೊದಲನೇ ಅಡ್ಡರಸ್ತೆಯ ಗಂಡಸರೇ. ಬೋರ್‌ವೆಲ್ ಮೋಟರಿನ ಕೀಲಿ ಮಾತ್ರ ಅಧ್ಯಕ್ಷರ ಸೊಂಟದಲ್ಲಿ.

ನನಗೆ ಬೇಕಾಗಿದ್ದು ಆ ಕೀಲಿ. ನಮ್ಮ ಬಾಡಿಗೆ ರೂಮಿನಲ್ಲಿರುವ ಯಲ್ಲವ್ವ ಗದಗದ ಕಡೆಯವಳು, ಏಳಕ್ಕೆಲ್ಲ ಯಾವುದೋ ಆಫೀಸಿಗೆ ಹೌಸ್‌ಕೀಪಿಂಗ್ ಕೆಲಸಕ್ಕೆ ಓಡುತ್ತಾಳೆ. ಅಧ್ಯಕ್ಷರು ವಾಕಿಂಗ್ ಮುಗಿಸಿ, ದೋಸೆ ತಿಂದು, ಪೇಪರ್ ಓದಿ, ಹತ್ತಕ್ಕೆ ಮೋಟರ್ ಹಾಕುತ್ತಾರೆ. ಅವಳು ಸಂಜೆ ಬರುವಷ್ಟರಲ್ಲಿ ಬೀದಿಯ ತೊಟ್ಟಿ ಖಾಲಿ.

"ಮುಂಜಾನೆ ಆರಕ್ಕ ನೀರು ಬಿಟ್ರ ಸಾಕ್ರೀ ಅಕ್ಕಾರ. ಇಲ್ಲಂದ್ರ ನಾ ಖೋಲಿ ಬಿಟ್ಟು ಹೋಗ್ತೀನ್ರಿ," ಅಂದಳು.

ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೆ ನನ್ನ ಜೊತೆ ಕೂತು ನಗುವ ಜೀವ ಅವಳೊಬ್ಬಳೇ. ಗಂಡನನ್ನು ಕೇಳಿದೆ. "ಆರಕ್ಕೆ ಯಾರೇ ಎದ್ದೇಳ್ತಾರೆ?" ಅಂದರು. "ಕೀ ಕೊಡಿ, ನಾನೇ ಹಾಕ್ತೀನಿ," ಅಂದೆ. "ಕಮಿಟಿ ಮೆಂಬರ್ ಬಿಟ್ಟು ಬೇರೆಯವ್ರು ಕೀ ಮುಟ್ಟಂಗಿಲ್ಲ," ಅಂದರು. ಸರಿ, ಮೆಂಬರೇ ಆಗೋಣ ಅಂತ ನಿಶ್ಚಯಿಸಿದೆ.

ಅದೇ ವಾರ ಸಂಘವೂ ದಿಲ್ಲಿಯ ಹಾಗೇ ಕಾನೂನು ಮಾಡಿತು, ಮೂರನೇ ಒಂದು ಭಾಗ ಹೆಂಗಸರಿಗೆ. ಏಳು ಸೀಟನ್ನು ಮೂರು ಪಾಲು ಮಾಡಲು ಸೆಕ್ರೆಟರಿ ರವಿಕಿರಣ್ ಮೊಬೈಲ್ ತೆಗೆದ. "ಎರಡು ಪಾಯಿಂಟ್ ಮೂರು ಮೂರು ಮೂರು... ನಿಲ್ತಾನೇ ಇಲ್ಲ ಅಂಕಲ್!" ಇಬ್ಬರು ಹೆಂಗಸರೇನೋ ಸರಿ, ಮೂರನೆಯವಳ ಮೂರನೇ ಒಂದು ಭಾಗವನ್ನು ಕುರ್ಚಿಯಲ್ಲಿ ಹೇಗೆ ಕೂರಿಸುವುದು? ಕೊನೆಗೆ ಅವಳು ಮೂರು ಮೀಟಿಂಗಿಗೆ ಒಂದು ಸಲ ಬಂದು, ಬೋಂಡ ಮಾತ್ರ ಪೂರ್ತಿ ತಿನ್ನಬಹುದು ಎಂದು ಒಪ್ಪಂದವಾಯಿತು.

ಮುಂದಿನ ಮೀಟಿಂಗಿಗೆ ನಾನು ರೇಷ್ಮೆ ಸೀರೆ ಉಟ್ಟು ಹೋದೆ, ಯಲ್ಲವ್ವನನ್ನೂ ಕರೆದುಕೊಂಡೆ. ಇಬ್ಬರಿಗೂ ಹಾರ, ಶಾಲು, ಫೋಟೋ. ಆಮೇಲೆ ಕುರ್ಚಿ ಎಳೆದು ಕೂರಲು ಹೋದರೆ ಎಲ್ಲರೂ ಹೌಹಾರಿದರು.

"ಆಂಟಿ, ಕೂತ್ಕೋಬೇಡಿ. ಕಾನೂನು ಪಾಸಾಗಿದೆ, ಜಾರಿ ಆಗಿಲ್ಲ," ಅಂದ ರವಿಕಿರಣ್. "ಮೊದ್ಲು ಜನಗಣತಿ ಆಗ್ಬೇಕು. ಆಮೇಲೆ ಕ್ಷೇತ್ರ ಮರುವಿಂಗಡಣೆ. ಅದಾದ್ಮೇಲೆ ನಿಮ್ಮ ಸೀಟು."

"ಇದ್ಯಾವ ನ್ಯಾಯ ಕಣಯ್ಯ? ಊಟಕ್ಕೆ ಕರೆದು ಎಲೆ ಬೆಳೆಯೋವರೆಗೂ ಕಾಯಿ ಅಂದಂಗಾಯ್ತು!"

"ಪಾರ್ಲಿಮೆಂಟಲ್ಲೇ ಹಂಗೆ ಮಾಡವ್ರೆ, ನಾವ್ಯಾವ ಲೆಕ್ಕ?" ಅಂದರು ನನ್ನ ಗಂಡ. ಮುಖದಲ್ಲಿ ಒಂದು ನಗು ಇತ್ತು. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು.

ಜನಗಣತಿ ತಾನೇ? ಆ ಭಾನುವಾರವೇ ನಾನೂ ಯಲ್ಲವ್ವನೂ ಹೊರಟೆವು. ಮೊದಲನೇ ಅಡ್ಡರಸ್ತೆ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು, ಮನೆಗೆ ಇಬ್ಬರು, ಹೆಚ್ಚೆಂದರೆ ಮೂವರು. ಮೂರನೇ ಅಡ್ಡರಸ್ತೆಯಲ್ಲಿ ಎಣಿಸಿದಷ್ಟೂ ಜನ. ಪೀಜಿಯ ಒಂದೇ ಮಂಚದಲ್ಲಿ ಹಗಲು ಒಬ್ಬ ಮಲಗುತ್ತಾನೆ, ರಾತ್ರಿ ಇನ್ನೊಬ್ಬ. ಒಬ್ಬರ ಮುಖ ಒಬ್ಬರು ನೋಡಿಲ್ಲ. "ಅಣ್ಣಾರ, ಎದ್ದು ಹೆಸರು ಹೇಳಿ ಮತ್ತ ಮಕ್ಕೋರಿ," ಅಂತ ಯಲ್ಲವ್ವ ಒಬ್ಬೊಬ್ಬರನ್ನೂ ಎಬ್ಬಿಸಿದಳು.

ಲೆಕ್ಕ ಒಪ್ಪಿಸಿದಾಗ ಕಮಿಟಿಯ ಏಳು ಮುಖವೂ ಇಂಗು ತಿಂದ ಮಂಗನ ಹಾಗಾಯಿತು. ತಲೆ ಎಣಿಕೆಯ ಪ್ರಕಾರ ಆರು ಸೀಟು ಮೂರನೇ ಅಡ್ಡರಸ್ತೆಗೆ. ಹಳೇ ಊರಿನ ಅಷ್ಟೂ ಯಜಮಾನರಿಗೆ ಉಳಿದದ್ದು ಒಂದು.

ನನ್ನ ಗಂಡ ಮೇಜು ಗುದ್ದಿದರು. "ಗೌರ್ಮೆಂಟ್ ಹೇಳ್ತು ಅಂತ ಎರಡೇ ಮಕ್ಕಳು ಮಾಡ್ಕೊಂಡ್ವಿ! ಅದಕ್ಕೆ ಶಿಕ್ಷೆನಾ? ಹಿಂಗಂತ ಗೊತ್ತಿದ್ರೆ ಎಂಟು ಮಾಡ್ತಿದ್ದೆ!"

"ಹೆರೋಳು ನಾನು! ನಿಮ್ಮ ಸೀಟಿಗೆ ನಾನು ಎಂಟು ಹೆರಬೇಕಿತ್ತಾ?" ಅಂತ ಮೀಟಿಂಗಿನಲ್ಲೇ ಕೂಗಿದೆ.

ಅವರು ನನ್ನ ಕಡೆ ನೋಡದೆ ತಿದ್ದುಪಡಿ ತಂದರು: ಸಂಸಾರವಿಲ್ಲದೆ ಒಂಟಿಯಾಗಿರುವ ಗಂಡಸು ಇಲ್ಲಿಯ ನಿವಾಸಿಯಲ್ಲ. ಅಂಥವನು ಲೆಕ್ಕಕ್ಕಿಲ್ಲ, ಅವನಿಗೆ ವೋಟಿಲ್ಲ, ಅಧಿಕಾರವಂತೂ ಇಲ್ಲವೇ ಇಲ್ಲ. ಏಳು ಕೈ ಮೇಲೆದ್ದವು. ಪೀಜಿಯ ಹುಡುಗರೆಲ್ಲ ಒಂದೇ ಏಟಿಗೆ ಮಾಯವಾದರು, ಬಾಡಿಗೆ ಮಾತ್ರ ಕೊಡುತ್ತಲೇ ಇದ್ದರು.

ಆ ಸಂಜೆ ಯಲ್ಲವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. "ಸಾಕಾತ್ರೀ ಅಕ್ಕಾರ. ಎಣಿಸಿ ಎಣಿಸಿ ಗಂಟಲ ಒಣಗೇತಿ, ಕುಡಿಯಾಕ ನೀರಿಲ್ಲ," ಅಂದಳು. ನನಗೆ ಅಳು ತಡೆಯಲಾಗಲಿಲ್ಲ. ಅತ್ತು, ಮೂಗು ಒರೆಸಿಕೊಂಡು, ಮನೆಗೆ ಹೋಗಿ ನನ್ನ ಹಾಸಿಗೆ ಸುತ್ತಿದೆ.

"ಎಲ್ಲಿಗೆ?" ಅಂದರು ಇವರು.

"ಮೂರನೇ ಅಡ್ಡರಸ್ತೆಗೆ. ಯಲ್ಲವ್ವನ ರೂಮಿಗೆ."

"ಹೋಗು ಹೋಗು, ಎರಡು ದಿನಕ್ಕೆ ವಾಪಸ್ ಬರ್ತೀಯ," ಅಂತ ಟಿವಿ ಜೋರು ಮಾಡಿದರು.

ಎರಡು ದಿನಕ್ಕೆ ಬಂದದ್ದು ಸಂಘದ ತುರ್ತು ಸಭೆ. ಅದನ್ನು ಕರೆಸಿದವಳು ನಾನೇ. ರವಿಕಿರಣ್ ಹೊಸ ನಿಯಮ ಓದಿದ, ಮತ್ತೆ ಓದಿದ.

"ಅಂಕಲ್... ಬೇಜಾರ್ ಮಾಡ್ಕೋಬೇಡಿ. ರೂಲ್ಸ್ ಪ್ರಕಾರ ನೀವೀಗ ಬ್ಯಾಚುಲರ್."

"ಲೇಯ್! ಎರಡು ಹೆಣ್ಣು ಧಾರೆ ಎರೆದುಕೊಟ್ಟೋನು ಕಣೋ ನಾನು!"

"ಗೊತ್ತು ಅಂಕಲ್. ಆದ್ರೆ ಮನೇಲಿ ಒಬ್ಬರೇ ಇದೀರ. ನೀವು ನಿವಾಸಿ ಅಲ್ಲ. ಅಧ್ಯಕ್ಷರೂ ಅಲ್ಲ. ಕೀ ಮೇಜಿನ ಮೇಲೆ ಇಡ್ಬೇಕು."

ಇಟ್ಟರು. ನಾನು ಹೋಗಿ ಕೀಲಿ ಎತ್ತಿಕೊಂಡೆ. "ಮೆಂಬರ್ ಅಲ್ದೋರು..." ಅಂತ ಒಬ್ಬರು ಬಾಯಿ ತೆರೆದರು. ಬಾಗಿಲಲ್ಲಿ ಆರೂ ಮೆಂಬರುಗಳ ಹೆಂಡತಿಯರು ನಿಂತಿದ್ದರು. ಎಲ್ಲರ ಕಂಕುಳಲ್ಲೂ ಒಂದೊಂದು ದಿಂಬು. ತೆರೆದ ಬಾಯಿ ಮುಚ್ಚಿತು.

ಮೀಸಲಾತಿ ದಿಲ್ಲಿಯಲ್ಲೂ ಇನ್ನೂ ಜಾರಿಯಾಗಿಲ್ಲ, ನಮ್ಮ ಸಂಘದಲ್ಲೂ ಆಗಿಲ್ಲ. ನನಗೆ ಸೀಟಿಲ್ಲ. ಆದರೆ ಆರಕ್ಕೆ ಸರಿಯಾಗಿ ನಾನು ಮೋಟರ್ ಹಾಕುತ್ತೇನೆ, ಯಲ್ಲವ್ವ ಸ್ನಾನ ಮಾಡಿ, ತಲೆ ಬಾಚಿ, ನನಗೆ ಎರಡು ರೊಟ್ಟಿ ಮುಚ್ಚಿಟ್ಟು ಕೆಲಸಕ್ಕೆ ಹೋಗುತ್ತಾಳೆ.

ಮನೆಗೆ ಹೋಗಬೇಕೆಂದು ನನಗೂ ಆಸೆಯಿದೆ. ಹೋದರೆ ಇವರು ಮತ್ತೆ ನಿವಾಸಿಯಾಗುತ್ತಾರೆ, ಅಧ್ಯಕ್ಷರಾಗುತ್ತಾರೆ, ಕೀಲಿ ಕೇಳುತ್ತಾರೆ. ಈಗ ದಿನಾ ಬೆಳಿಗ್ಗೆ, ಮನೆಯ ಸಂಪು ತುಂಬಿದ್ದರೂ, ಖಾಲಿ ಬಿಂದಿಗೆ ಹಿಡಿದು ಬಂದು ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಗಡ್ಡ ಬೆಳೆದಿದೆ, ಅಂಗಿಯ ಗುಂಡಿ ಮೇಲೆ ಕೆಳಗೆ.

"ಇವತ್ತು ಬರ್ತೀಯೇನೇ?" ಅಂತ ಮೆಲ್ಲಗೆ ಕೇಳುತ್ತಾರೆ.

ಗುಂಡಿ ಬಿಚ್ಚಿ ಸರಿಯಾಗಿ ಹಾಕುತ್ತೇನೆ, ಬಿಂದಿಗೆ ತುಂಬಿಸುತ್ತೇನೆ, ಕೀಲಿಯನ್ನು ಸೆರಗಿಗೆ ಇನ್ನೊಂದು ಗಂಟು ಹಾಕಿಕೊಳ್ಳುತ್ತೇನೆ.