ಹಿಟ್ಟು ಉಬ್ಬುವವರೆಗೆ ಇದಾಲಿನ

ಕೊನೆಯೇ ಕಾಣದ ಒಂದು ಸಮುದ್ರ. ಅದರ ನಡುವೆ ಹವಾಯಿ ದ್ವೀಪ. ಆ ದ್ವೀಪದ ಒಂದು ಬೇಕರಿಯ ಮುಂದೆ, ಒಂದಾನೊಂದು ಮಂಗಳವಾರ, ಇದಾಲಿನ ರಪೋಜೊ ಎಂಬ ಹೆಂಗಸು ಸಾಲಿನಲ್ಲಿ ನಿಂತಿದ್ದಳಂತೆ. ಮಲಸಾಡ ಎಂಬ ಕರಿದ ಸಿಹಿ ಉಂಡೆಯ ಹೊಟ್ಟೆಗೆ ಕೆನೆ ತುಂಬುವ ಆ ಅಂಗಡಿಗೆ ಸತ್ತರೂ ಕಾಲಿಡುವುದಿಲ್ಲ ಎಂದು ಮೂವತ್ತು ವರ್ಷ ಊರಿಗೆಲ್ಲ ಸಾರಿದವಳೂ ಅವಳೇ.

ಮಾರನೆಯ ದಿನ ಬೂದಿ ಬುಧವಾರ, ನಲವತ್ತು ದಿನದ ಉಪವಾಸ ಶುರು. ಅದಕ್ಕೆ ಮುಂಚೆ ಮನೆಯ ಮೊಟ್ಟೆ, ಸಕ್ಕರೆ, ಕೊಬ್ಬು ಖಾಲಿಯಾಗಲೆಂದು ಪೋರ್ಚುಗೀಸರ ಮನೆಗಳಲ್ಲಿ ಮಲಸಾಡ ಕರಿಯುತ್ತಾರೆ. ತೊಂಬತ್ತೊಂದು ದಾಟಿದ ತಾಯಿ ಫಿಲೊಮೇನ ಹಾಸಿಗೆಯಿಂದಲೇ ಕೇಳಿದ್ದಳು: "ಮುಂದಿನ ವರ್ಷ ನಾನಿರಲ್ಲ ಕಣೇ. ಒಂದು ಮಲಸಾಡ ತಿನ್ನಿಸ್ತೀಯಾ?"

"ತಿನ್ನಿಸ್ತೀನಮ್ಮ" ಎಂದು ಇದಾಲಿನ ಮಾತು ಕೊಟ್ಟಿದ್ದಳು.

ಬೆಳಿಗ್ಗೆ ಮನೆಯಲ್ಲೇ ಹಿಟ್ಟು ನಾದಿ, ಮೇಲೆ ಬೆರಳಿನಿಂದ ಶಿಲುಬೆ ಗೀರಿ, "ದೇವರು ನಿನ್ನ ಹೆಚ್ಚಿಸಲಿ" ಎಂದು ಹೇಳಿ ಕಂಬಳಿ ಹೊದಿಸಿದ್ದೂ ಆಗಿತ್ತು. ಅಷ್ಟರಲ್ಲಿ ತಮ್ಮನ ಹೆಂಡತಿ ವರ್ನಾ ಬಂದು ಕಂಬಳಿ ಎತ್ತಿ ಇಣುಕಿದಳು. "ಹಾಲು ಕಮ್ಮಿ ಆಯ್ತೇನೋ ಅತ್ತಿಗೆ?" ಅಷ್ಟೇ ಸಾಕಾಯಿತು. ಇದಾಲಿನ ಕಾಲು ಗಂಟೆ ವರ್ನಾಳ ಅಡುಗೆ, ಅವಳ ತವರು, ಅವಳ ಕಿಟಕಿಯ ಪರದೆ ಎಲ್ಲವನ್ನೂ ಜಾಲಾಡಿದಳು. ಹಿಟ್ಟಿನೆದುರು ಜಗಳವಾಡಿದರೆ ಹಿಟ್ಟು ಏಳುವುದಿಲ್ಲವೆಂದು ಅಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಹಿಟ್ಟು, ಹಿಂಡಿದ ಒರೆಸುಬಟ್ಟೆಯಂತೆ, ಬಿದ್ದುಕೊಂಡಿತು.

ಅದಕ್ಕೇ ಈ ಸಾಲು. ಮುಂದಿದ್ದವಳು ಸೀಬೆಹಣ್ಣಿನ ಜಾಮ್ ತುಂಬಿದ್ದು ಬೇಕೆಂದಳು, ಅವಳ ಗಂಡ ನೇರಳೆ ಬಣ್ಣದ್ದು ಬೇಕೆಂದ. ತಿನ್ನುವ ಪದಾರ್ಥಕ್ಕೆ ಸೀರೆಯಂಗಡಿಯ ಬಣ್ಣ ಕೇಳುವ ಜನ! ಇದಾಲಿನ ಮೂಗು ಮುರಿದಳು.

"ಇದಾಲಿನ ಆಂಟಿ!" ಗಲ್ಲಾದ ಹಿಂದಿನಿಂದ ಮಾಲೀಕ ಕ್ಲಾರೆನ್ಸ್ ಬೊಟೇಲ್ಯೊ ಕೂಗಿದ. "ಇವತ್ತು ಸೂರ್ಯ ಎಲ್ಲಿ ಹುಟ್ಟಿದ?"

"ನಿನ್ನ ಹೊಟ್ಟೆ ಹಿಂದೆ ಹುಟ್ಟಿರಬೇಕು, ನನಗೆ ಕಾಣಲಿಲ್ಲ. ಹನ್ನೆರಡು ಕೊಡು. ಒಳಗೆ ನಿನ್ನ ಗೊಜ್ಜು ಗಿಜ್ಜು ಏನೂ ಇರಬಾರದು. ಹಿಟ್ಟಿಗೆ ಶಿಲುಬೆ ಹಾಕಿದೋರು ಯಾರು?"

"ನಾದೋದು ಯಂತ್ರ ಆಂಟಿ. ಅದಕ್ಕಿನ್ನೂ ಜ್ಞಾನಸ್ನಾನ ಆಗಿಲ್ಲ."

ಸಾಲೆಲ್ಲ ನಕ್ಕಿತು. ಇದಾಲಿನಳ ಮುಖ ಇಳಿಯಿತು. ಅಮ್ಮ ಮೊದಲು ಕೇಳುವುದೇ ಅದನ್ನು. ಶಿಲುಬೆ ಕಾಣದ ಹಿಟ್ಟಿನದಾದರೆ ತಟ್ಟೆ ಆಚೆ ತಳ್ಳುತ್ತಾಳೆ. ಸುಳ್ಳು ಹೇಳಿ ನಾಳೆ ಹಣೆಗೆ ಬೂದಿ ಹಚ್ಚಿಸಿಕೊಳ್ಳುವುದು ಹೇಗೆ?

ಕ್ಲಾರೆನ್ಸ್ ನಗು ನಿಲ್ಲಿಸಿದ. "ಫಿಲೊಮೇನಜ್ಜಿಗಾ? ಒಳಗೆ ಬನ್ನಿ. ಈಗಷ್ಟೇ ನಾದಿದ್ದಿದೆ, ನೀವೇ ಶಿಲುಬೆ ಹಾಕಿ. ಆದ್ರೆ ಅದು ಏಳೋವರೆಗೂ ಪಕ್ಕದಲ್ಲೇ ಕೂತಿರಬೇಕು, ತುಟಿ ಪಿಟಕ್ ಅನ್ನಬಾರದು. ನಲವತ್ತು ಪೌಂಡ್ ಹಿಟ್ಟನ್ನ ನಿಮ್ಮ ನಾಲಿಗೆಗೆ ಬಲಿ ಕೊಡಕ್ಕಾಗಲ್ಲ ನನಗೆ."

ಇದಾಲಿನ ಶಿಲುಬೆ ಗೀರಿದಳು, ದೇವರ ಮಾತು ಹೇಳಿದಳು, ಸಕ್ಕರೆ ಡಬ್ಬದ ಮೇಲೆ ಕೂತಳು. ಕೆಲಸದವನು ಮಲಸಾಡದೊಳಗೆ ಪಿಚಕಾರಿಯಲ್ಲಿ ಕೆನೆ ತುಂಬುತ್ತಿದ್ದ, ದನಕ್ಕೆ ಸೂಜಿ ಚುಚ್ಚುವವನ ಹಾಗೆ. ಅವಳು ತುಟಿ ಕಚ್ಚಿದಳು. "ಇಡೀ ದ್ವೀಪದಲ್ಲಿ ಅಸಲಿ ಮಲಸಾಡ ನಮ್ಮದೇ, ಅಲ್ವಾ ಆಂಟಿ?" ಎಂದು ಕ್ಲಾರೆನ್ಸ್ ಬೇಕೆಂದೇ ಕೆಣಕಿದ. ಸೆರಗಿಲ್ಲದ ಊರಿನಲ್ಲಿ ಅವಳು ಏಪ್ರನ್ನಿನ ಅಂಚನ್ನೇ ಬಾಯಿಗೆ ತುರುಕಿಕೊಂಡಳು.

ಆಗ ಕಿಟಕಿಯಲ್ಲಿ ವರ್ನಾಳ ಮುಖ ಮೂಡಿತು.

"ಅಯ್ಯೋ ಅತ್ತಿಗೆ, ನೀವು ಇಲ್ಲಿ! ನಾನು ಹೇಳಲಿಲ್ವಾ, ಹಾಲು ಕಮ್ಮಿ ಅಂತ?"

ಇದಾಲಿನಳ ಗಂಟಲಲ್ಲಿ ಉತ್ತರಗಳು ಒಂದರ ಮೇಲೊಂದು ಬಿದ್ದು ನೂಕಾಡಿದವು. ಒಂದೊಂದೂ ಎಷ್ಟು ಚೂಪು, ಎಷ್ಟು ಚೆಂದ! ಅಷ್ಟನ್ನೂ ನುಂಗಿದಳು. ನುಂಗಿ, ವರ್ನಾಳ ಕಡೆ ಹೌದೆನ್ನುವಂತೆ ತಲೆಯಾಡಿಸಿದಳು. ಅದನ್ನು ಕಂಡ ವರ್ನಾ ಹೆದರಿ ಶಿಲುಬೆ ಗುರುತು ಮಾಡಿಕೊಂಡಳು.

ಹಿಟ್ಟು ಬಟ್ಟೆಯನ್ನೇ ಎತ್ತಿಕೊಂಡು ಎದ್ದಿತು.

ಬಿಸಿ ಆರುವ ಮುಂಚೆ ಪೊಟ್ಟಣ ಮನೆ ಸೇರಿತು. ಫಿಲೊಮೇನ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಶಿಲುಬೆ ಯಾರು ಹಾಕಿದ್ದು?"

"ನಾನೇ ಅಮ್ಮ."

"ಬಾಯಿ ಮುಚ್ಕೊಂಡಿದ್ಯಾ?"

"ಹೂಂ."

"ನೀನು?" ಮುದುಕಿ ನಂಬದೆ ಬೆರಳಿನಿಂದ ಒತ್ತಿದಳು. ಒತ್ತಿದ ಕುಳಿ ತಾನೇ ಮೇಲೆದ್ದು ಬಂತು. ಆಮೇಲೆ ಕಚ್ಚಿದಳು. ಗಲ್ಲದ ಮೇಲೆಲ್ಲ ಸಕ್ಕರೆ.

"ಬೊಟೇಲ್ಯೊಗಳ ಬುದ್ಧಿ. ರುಚಿ ಮಾಡಕ್ಕೆ ಬರದಿದ್ರೆ ಸಕ್ಕರೆ ಸುರೀತಾರೆ," ಎಂದು ಗೊಣಗುತ್ತ ಅದನ್ನು ಪೂರ್ತಿ ತಿಂದಳು.